ತಿಟ್ಟಿಗೆ ಹೋಗುವವರು ಕಂಬಳಿ ಮರೆಯಬಾರದು

ಮೊನ್ನೆ ಭಾನುವಾರ ಪಾಂಡವಪುರದ ನಮ್ಮ ಮನೆಯ ಮಹಡಿಯ ಮೇಲೆ ಅಪ್ಪನ ಕಂಬಳಿಯನ್ನು ಬಿಸಿಲಿಗೆ ಹಾಕುತ್ತಿದ್ದೆ. ಕರಿಕುರಿಯ ಉಣ್ಣೆಯ ಕಂಬಳಿ, ಅಂಚಿಗೆ ಬೆರಳಗಲದ ಕೆಂಪು ಪಟ್ಟೆ. ಆಗಾಗ ಬಿಸಿಲು ಕಾಣಿಸದಿದ್ದರೆ ಅದಕ್ಕೆ ನುಸಿ ಬೀಳುತ್ತದೆ ಎಂಬುದು ಅವ್ವನ ನಂಬಿಕೆ. ಆ ಕೆಲಸವನ್ನು ಸೊಸೆ ಮಾಡಿದರೆ ಆಗದು, ಮಗನೇ ಮಾಡಬೇಕು ಎಂಬುದೂ ಅವಳದೇ ನಂಬಿಕೆ. ಇದರಲ್ಲಿ ನನ್ನ ಹೆಂಡತಿಯ ಕೈವಾಡ ಇದೆಯೆಂದು ನನಗೆ ಬಹಳ ದಿನಗಳಿಂದ ಅನುಮಾನ. ಕಂಬಳಿ ಕೊಡವಿ, ಎದ್ದ ದೂಳಿಗೆ ಸೀನುತ್ತಿದ್ದಾಗ ಜೇಬಿನ ಮೊಬೈಲು ಸದ್ದು ಮಾಡಿತು. ಅಳಿಯಂದಿರ ಮೆಸೇಜು.

ನಮ್ಮ ಅಳಿಯಂದಿರು ಶೀಳನೆರೆ ಕಡೆಯವರು, ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರು. ಅದರಲ್ಲೂ ಗಣಿತದವರು. ಹೆಂಡತಿಯ ತಂದೆಗೆ ಬರೆಯುವ ಮೆಸೇಜೂ ಪ್ರಶ್ನೆಪತ್ರಿಕೆಯ ಹಾಗೆಯೇ ಇರುತ್ತದೆ. 'ಮಾವ, ಮುಂದಿನ ವಾರ ನಾವಿಬ್ಬರೂ ಹುಣಸೇತಿಟ್ಟಿಗೆ ಹೋಗಿ ಒಂದು ರಾತ್ರಿ ಇದ್ದು ಬರೋಣ ಅಂತ ಇದ್ದೇವೆ. ಅಲ್ಲಿ ಅಂಗಡಿ ಇದೆಯೇ? ನೆಟ್‌ವರ್ಕ್ ಸಿಗುತ್ತದೆಯೇ? ಮೊಸಳೆ ಇರುವುದು ನಿಜವೇ? ವಾಪಸ್ ಬರಲು ಕೊನೆಯ ಬೋಟು ಎಷ್ಟು ಗಂಟೆಗೆ?'

ಇಲ್ಲ, ಸಿಗುವುದಿಲ್ಲ, ನಿಜ, ಗೊತ್ತಿಲ್ಲ ಎಂದು ನಾಲ್ಕು ಮಾತಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ 'ಕೊನೆಯ ಬೋಟು' ಎಂಬುದನ್ನು ಓದಿದವನೇ ನೀರಿನ ಟ್ಯಾಂಕಿನ ನೆರಳಲ್ಲಿ ಕೂತುಬಿಟ್ಟೆ. ಕೈಯಲ್ಲಿ ಕಂಬಳಿ ಬೇರೆ ಇತ್ತು. ಈ ಕಂಬಳಿಯ ದೆಸೆಯಿಂದ ನನ್ನ ಅವ್ವ ಮತ್ತು ಅವಳ ಒಬ್ಬನೇ ತಮ್ಮ ಕೆಲವು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಜಗಳವಲ್ಲ, ಜಮೀನಿನ ತಕರಾರಲ್ಲ. ಅವನಿಗೆ ಈ ದಡಕ್ಕೆ ಬರಲು ಮುಖವಿಲ್ಲ, ಇವಳಿಗೆ ಕರೆಯದೆ ತವರಿಗೆ ಹೋಗಲು ಮನಸ್ಸಿಲ್ಲ. ನಡುವೆ ಹೊಳೆ. ಇಬ್ಬರಿಗೂ ವಯಸ್ಸಾಗುತ್ತಿದೆ, ಹೀಗೇ ಇದ್ದರೆ ಒಂದು ದಿನ ಒಬ್ಬರು ಇಲ್ಲವಾಗಿ ಇನ್ನೊಬ್ಬರು ಉಳಿಯುತ್ತಾರಲ್ಲ ಎಂದು ನಾನು ಎಷ್ಟೋ ಸಲ ಕಳವಳಪಟ್ಟಿದ್ದೇನೆ. ಇದನ್ನೆಲ್ಲ ಹೇಳದೆ, ಟಾರ್ಚು ತಗೊಳ್ಳಿ, ಬೆಡ್‌ಶೀಟು ತಗೊಳ್ಳಿ ಎಂದು ಅಳಿಯಂದಿರಿಗೆ ಹೇಗೆ ಬರೆಯಲಿ? ಅದಕ್ಕೇ ಉದ್ದವಾಗಿ ಬರೆಯಲು ಕೂತೆ. ನೀವೂ ಓದಿ. ನಿಮಗೂ ಒಂದು ದಿನ ತಿಟ್ಟಿಗೆ ಹೋಗುವ ಮನಸ್ಸಾದೀತು.

ತಿಟ್ಟು ಅಂದರೆ ಹೊಳೆಯ ನಡುವೆ ಎತ್ತರವಾಗಿ ಉಳಿದ ನೆಲ. ಹಾಗೆ ನೋಡಿದರೆ ಶ್ರೀರಂಗಪಟ್ಟಣವೂ ಹೊಳೆಯ ನಡುವಿನದೇ. ಆದರೆ ಅಲ್ಲಿ ಸೇತುವೆ, ರೈಲು, ಮಸಾಲೆದೋಸೆ ಎಲ್ಲ ಇರುವುದರಿಂದ ಸುತ್ತ ನೀರಿದೆ ಎಂಬುದೇ ಯಾರಿಗೂ ನೆನಪಾಗುವುದಿಲ್ಲ. ಹುಣಸೇತಿಟ್ಟು ಹಾಗಲ್ಲ. ಬೆರಳಲ್ಲಿ ಎಣಿಸುವಷ್ಟು ಮನೆ, ಕಬ್ಬು, ಒಂದಿಷ್ಟು ಭತ್ತ, ತೆಂಗು, ಒಂದು ಮಾರಮ್ಮನ ಗುಡಿ. ಅಂಗಡಿಯಿಲ್ಲ, ಆಸ್ಪತ್ರೆಯಿಲ್ಲ. ಕರೆಂಟು ಬಂದಿದೆ, ಆದರೆ ಅದೂ ನೆಂಟರ ಹಾಗೆ ಬಂದು ಹೋಗುತ್ತದೆ. ಅಲ್ಲಿ ನನ್ನ ಸೋದರಮಾವ ನಿಂಗಮಾವ, ಅವನ ಹೆಂಡತಿ ಕೆಂಪತ್ತೆ, ಅವರ ಗಂಡುಮಕ್ಕಳು, ಸೊಸೆಯರು, ಲೆಕ್ಕಕ್ಕೆ ಸಿಗದಷ್ಟು ಕೋಳಿಗಳು ಇದ್ದಾರೆ.

ಪಾಲಹಳ್ಳಿ ದಾಟಿ ನಾಲೆಯ ಏರಿ ಹಿಡಿದು ಹೋದರೆ, ಗದ್ದೆ ಬಯಲು ಮುಗಿಯುವ ಕಡೆ ಬಾಷಾನ ಪಂಕ್ಚರ್ ಅಂಗಡಿ ಇದೆ. ಗಾಡಿಯನ್ನು ಅಲ್ಲೇ ಬಿಡಬೇಕು. ಮುಂದೆ ಇರುವುದು ಕಾಲುದಾರಿ. ಬೀಗ ಹಾಕಿದ್ದೀನೋ ಇಲ್ಲವೋ ಎಂದು ಹತ್ತು ಸಲ ತಿರುಗಿ ನೋಡಬೇಡಿ, ಬಾಷಾ ಬೇಜಾರು ಮಾಡಿಕೊಳ್ಳುತ್ತಾನೆ. "ಗಾಡಿ ಫಿಕರ್ ಬುಟ್ಬುಡಿ ಸಾರ್. ಅಣೆಕಟ್ಟೆಯಿಂದ ನೀರು ಬುಟ್ಟು ನೀವು ಅಲ್ಲೇ ಸಿಕ್ಕಾಕ್ಕಂಡ್ರೂ ಇಲ್ಲೇ ಮಡೀಕಂಡಿರ್ತೀನಿ. ಬಂದ್ಮೇಲೆ ಗಾಳಿ ತುಂಬ್ಸೇ ಕೊಡ್ತೀನಿ" ಅನ್ನುತ್ತಾನೆ. ಅವನ ತಂದೆಯೂ ಇದೇ ಮಾತು ಹೇಳುತ್ತಿದ್ದರು. ಆಗ ಸೈಕಲ್ಲು, ಈಗ ಮೋಟಾರುಗಾಡಿ, ಅಷ್ಟೇ ವ್ಯತ್ಯಾಸ.

ಕಾಲುದಾರಿ ಇಳಿದರೆ ಹೊಳೆದಡದಲ್ಲಿ ಒಂದು ಹಳೇ ಹೊಂಗೆ ಮರ. ಬೋಟು, ಟೈಮು, ಟಿಕೆಟ್ಟು ಎಲ್ಲ ಅದೇ. ನೀರಿನ ಕಡೆ ಬಾಗಿದ ಕೊಂಬೆಯ ಮೇಲೆ ಒಂದು ಬಿಳಿ ಬಟ್ಟೆ ಹರಡಿ ಸುಮ್ಮನೆ ಕೂರಬೇಕು. ಪಂಚೆಯೋ ಟವೆಲ್ಲೋ ಯಾವುದಾದರೂ ಆದೀತು. ಬಿಳಿ ಅಂದರೆ ನೆಂಟರು ಬಂದಿದ್ದಾರೆ ಎಂದರ್ಥ. ಯಾರ ಮನೆಯ ನೆಂಟರು ಎಂದು ಕೂಗಿ ಹೇಳುವುದು ಬೇಡ. ಆಚೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು ನಿಮ್ಮ ನಿಲುವು ನೋಡಿಯೇ ಗುರುತು ಹಿಡಿದು, ನಿಮ್ಮ ಹೊಟ್ಟೆ ಹೋದ ವರ್ಷಕ್ಕಿಂತ ಮುಂದೆ ಬಂದಿರುವುದನ್ನೂ ಮಾತಾಡಿಕೊಂಡು, ಸಂಬಂಧಪಟ್ಟ ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಆ ಮನೆಯವರ ತೆಪ್ಪ ಹೊರಡುತ್ತದೆ.

ಬಿಳಿ ನೆಂಟರಿಗಾದರೆ ಕಂಬಳಿ ಸಾವಿಗೆ. ಯಾರೋ ಹೋಗಿಬಿಟ್ಟರು ಎಂಬುದನ್ನು ಹೊಳೆಯಾಚೆಯಿಂದ ಕೂಗಿ ಹೇಳಬಾರದಂತೆ. ಅದಕ್ಕೆ ಕೊಂಬೆಯ ಮೇಲೆ ಕಂಬಳಿ ಹಾಕುವುದು ತಿಟ್ಟಿನವರ ಪದ್ಧತಿ. ಕಂಬಳಿ ಕಂಡ ಕೂಡಲೇ, ಸುದ್ದಿ ಯಾರ ಮನೆಗೆ ಬಂದದ್ದು ಎಂದು ತಿಳಿಯುವ ಮೊದಲೇ, ಅಲ್ಲಿ ಒಲೆಗೆ ನೀರು ಬೀಳುತ್ತದೆ. ಮಾಡಿದ ಅಡುಗೆಯನ್ನು ಹೊರಗೆ ಚೆಲ್ಲುತ್ತಾರೆ. ಹಾಗೆ ಆರಿದ ಒಲೆಯನ್ನು ಮಾರನೆಯ ಬೆಳಗಿನವರೆಗೆ ಹೊತ್ತಿಸುವುದಿಲ್ಲ.

ಇದೆಲ್ಲ ನನ್ನ ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಅಪ್ಪ ನಾಗಮಂಗಲದ ಕಡೆಯವನು. ರಾಗಿ, ಹುರುಳಿ, ಕುರಿ. ನೀರೆಂದರೆ ಬಾವಿಯ ತಳದಲ್ಲಿ ಬಗ್ಗಿ ನೋಡುವ ವಸ್ತು ಎಂದು ತಿಳಿದಿದ್ದವನು. ಅಲ್ಲಿಯ ಗಂಡಸಿಗೆ ಕಂಬಳಿಯೇ ಹಾಸಿಗೆ, ಹೊದಿಕೆ, ಕೊಡೆ, ಚೀಲ ಎಲ್ಲ. ಅದಕ್ಕೆ ಸಾವಿನ ಅರ್ಥ ಇರಬಹುದೆಂದು ಅವನ ಕನಸಿನಲ್ಲೂ ಬಂದಿರಲಿಲ್ಲ.

ಮದುವೆಯಾದ ಮೊದಲ ಆಷಾಢ. ಹೊಸ ಮದುವಣಗಿತ್ತಿ ತವರಲ್ಲಿ ಇರಬೇಕಾದ ತಿಂಗಳು. ಅವ್ವ ತಿಟ್ಟಿನಲ್ಲಿದ್ದಳು. ಆಷಾಢ ಕಳೆದ ಮೇಲೆ ಅಪ್ಪ ಬಂದು ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಮದುವೆ ಅಪ್ಪನ ಊರಿನಲ್ಲೇ ನಡೆದದ್ದರಿಂದ ಅಪ್ಪ ಅದುವರೆಗೆ ಹೊಳೆ ದಾಟಿರಲಿಲ್ಲ. ಆಗಿನ್ನೂ ಮೀಸೆ ಚಿಗುರುತ್ತಿದ್ದ ನಿಂಗಮಾವ ಹೇಳಿದ್ದು ಇಷ್ಟೇ: "ಒಂಗೆ ಮರದ್ ಮೇಲೆ ಬಟ್ಟೆ ಆಕಿ ಕೂತ್ಕಳಿ ಬಾವ, ಬತ್ತೀನಿ." ಯಾವ ಬಟ್ಟೆ ಎಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಆ ದಿನ ದಾರಿಯುದ್ದಕ್ಕೂ ಸೋನೆ ಮಳೆ. ಪಂಚೆ ಸೊಂಟದ ಮೇಲಿತ್ತು, ಟವೆಲ್ಲಿನ ತುದಿಯಲ್ಲಿ ಹುರಿದ ಕಡಲೆಕಾಯಿ ಕಟ್ಟಿತ್ತು. ಬಿಚ್ಚಿ ಹರಡಲು ಉಳಿದದ್ದು ನೆನೆದು ತೊಪ್ಪೆಯಾದ ಕಂಬಳಿ ಒಂದೇ. ಬಾಮೈದ ಹೇಳಿದ ಹಾಗೂ ಆಯಿತು, ಕಂಬಳಿ ಒಣಗಿದ ಹಾಗೂ ಆಯಿತು ಎಂದು ಅಪ್ಪ ಅದನ್ನೇ ನೀಟಾಗಿ ಹರಡಿ, ಮರದ ಬುಡದಲ್ಲಿ ಕೂತು ಕಡಲೆಕಾಯಿ ಬಿಡಿಸತೊಡಗಿದ.

ಆಚೆ ದಡದಲ್ಲಿ ಹೊಸ ಅಳಿಯನಿಗೆಂದು ನಾಟಿಕೋಳಿ ಸಾರು ಕುದಿಯುತ್ತಿತ್ತು. ಕಂಬಳಿ ಕಂಡ ಅಜ್ಜಿ, ಅವ್ವನ ತಾಯಿ, ಒಲೆಗೆ ಒಂದು ಕೊಡ ನೀರು ಸುರಿದು, ಸಾರಿನ ಮಡಕೆಯನ್ನು ಬಾಳೆಬುಡಕ್ಕೆ ಬಗ್ಗಿಸಿದಳು. ತಿಟ್ಟಿನ ನಾಯಿಗಳಿಗೆ ಅದರಂಥ ಹಬ್ಬ ಮತ್ತೆ ಬರಲಿಲ್ಲವಂತೆ. ಅವ್ವ ಮಾತ್ರ ಹೊಸಿಲ ಮೇಲೆ ಕುಸಿದು ಕೂತಿದ್ದಳು. ಕರೆದುಕೊಂಡು ಹೋಗಲು ಬರಬೇಕಾದವನ ಬದಲು ಅವನ ಸುದ್ದಿ ಬಂದಿದೆ ಎಂದೇ ಅವಳು ತಿಳಿದಳು. ನಿಂಗಮಾವ ಅಳುತ್ತಾ ತೆಪ್ಪಕ್ಕೆ ಹುಟ್ಟು ಹಾಕಿದ. ನಡುಹೊಳೆಗೆ ಬಂದು ಕಣ್ಣೊರೆಸಿಕೊಂಡು ನೋಡಿದರೆ, ಬಾವ ಮರದ ಕೆಳಗೆ ಕೂತು ಸಿಪ್ಪೆ ಉಗುಳುತ್ತಿದ್ದಾನೆ!

"ಬಾವೋ! ಯಾರ್ ಸತ್ತವ್ರೆ?" ಎಂದು ಮಾವ ಅಲ್ಲಿಂದಲೇ ಕಿರುಚಿದ.

ಬೆಳಗಿನಿಂದ ಹೊಟ್ಟೆಗಿಲ್ಲದೆ ನಡೆದು ಬಂದ ಅಪ್ಪನಿಗೆ ಇದು ಬಾಮೈದನ ಕುಚೋದ್ಯ ಎನ್ನಿಸಿರಬೇಕು. ಅವನೂ ಎದ್ದು ನಿಂತು ಅಷ್ಟೇ ಜೋರಾಗಿ ಕೂಗಿದ. "ನಾನೇ ಕಣ್ಲಾ! ಅಸ್ಕಂಡು!"

ಆ ರಾತ್ರಿ ಹೊಸ ಅಳಿಯನಿಗೆ ಸಿಕ್ಕಿದ್ದು ನೆನೆಸಿದ ಅವಲಕ್ಕಿ, ಬೆಲ್ಲ. ಅವ್ವ ನಗಲೂ ಆಗದೆ ಅಳಲೂ ಆಗದೆ ಬಾಗಿಲ ಸಂದಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳಂತೆ. ಅಷ್ಟು ಹೊತ್ತು ಗಂಡನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು ಎಂದು ಮುಂದೆ ನನ್ನ ಹೆಂಡತಿಗೆ ಹೇಳಿದ್ದಳು.

ಇಷ್ಟಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಬಿಳಿ ಟವೆಲ್ಲು ಕೊಳ್ಳುತ್ತಿದ್ದರು. ಅಪ್ಪ ಪ್ರತಿ ಸಲವೂ ಕಂಬಳಿಯನ್ನೇ ಹಾಕತೊಡಗಿದ. "ಸಾವಿನ್ ಗುರ್ತ್ನ ಆಟುಕ್ ಮಾಡ್ಕಂಡವ್ನಲ್ಲಪ್ಪ ಈ ನಾಗಮಂಗ್ಲದ್ ಅಳಿಯ!" ಎಂದು ಅಜ್ಜಿ ಬೈದಳು. ಬೈದೂ ಬೈದೂ ಅವಳಿಗೇ ನಗು ಬಂತು. ಕ್ರಮೇಣ ಅದೊಂದು ಹೊಸ ಪದ್ಧತಿಯೇ ಆಯಿತು. ಬೇರೆ ಯಾವ ಕಂಬಳಿ ಕಂಡರೂ ಒಲೆ ಆರುತ್ತಿತ್ತು. ಕೆಂಪಂಚಿನ ಕಂಬಳಿ ಕಂಡರೆ ಒಲೆ ಹೊತ್ತುತ್ತಿತ್ತು, ಕೆಂಪತ್ತೆ ಖಾರ ಅರೆಯಲು ಕೂರುತ್ತಿದ್ದಳು. ನಿಂಗಮಾವ ನಡುಹೊಳೆಯಲ್ಲಿ ತೆಪ್ಪ ನಿಲ್ಲಿಸಿ "ಬಾವೋ, ಯಾರ್ ಸತ್ತವ್ರೆ?" ಎಂದು ಕೂಗಬೇಕು, ಅಪ್ಪ "ನಾನೇ ಕಣ್ಲಾ! ಅಸ್ಕಂಡು!" ಎನ್ನಬೇಕು. ಆಮೇಲೆಯೇ ತೆಪ್ಪ ಮುಂದೆ ಬರುವುದು. ನಾನು ಹುಟ್ಟಿ ಬುದ್ಧಿ ಬಂದಾಗಿನಿಂದ ಕೇಳಿದ್ದು ಇದನ್ನೇ. ಎಲ್ಲರ ಮನೆಯ ದೊಡ್ಡವರೂ ಹೊಳೆಯ ಎರಡು ಕಡೆ ನಿಂತು ಹೀಗೇ ಕುಶಲ ಕೇಳುತ್ತಾರೆ ಎಂದು ತಿಳಿದಿದ್ದೆ.

ತೆಪ್ಪದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಅಂಚಿನ ಮೇಲೆ ಕಾಲಿಡಬೇಡಿ, ನಡುವೆ ಇಡಿ. ಹತ್ತಿದ ಕೂಡಲೇ ಕೂತುಬಿಡಿ. ನಿಂತು ಫೋಟೋ ತೆಗೆಯುವ ಆಸೆಯಿದ್ದರೆ ದಡದಲ್ಲೇ ತೀರಿಸಿಕೊಳ್ಳಿ. ಕೈಯನ್ನು ನೀರಿಗೆ ಇಳಿಬಿಡಬೇಡಿ. ಮೊಸಳೆ ನಿಜವೇ ಎಂದು ಕೇಳಿದ್ದೀರಿ, ನಿಜ. ನಾನು ಚಿಕ್ಕವನಿದ್ದಾಗ ಇದೇ ಪ್ರಶ್ನೆ ಕೇಳಿದ್ದಕ್ಕೆ ಮಾವ, "ಅವು ನಮ್ ತಂಟೆಗೆ ಬರಾಕಿಲ್ಲ, ನಾವು ಅವುಗಳ್ ತಂಟೆಗೆ ಓಗಾಕಿಲ್ಲ. ನೀನು ಬಾಯ್ ಮುಚ್ಕಂಡ್ ಕೂತ್ಕೊ" ಎಂದಿದ್ದ. ಅಪ್ಪನಿಗಂತೂ ಕೊನೆಯವರೆಗೂ ತೆಪ್ಪದ ಭಯ ಹೋಗಲಿಲ್ಲ. ದಡದಲ್ಲಿ ನಿಂತು ಅಷ್ಟು ಜೋರಾಗಿ ಕೂಗುತ್ತಿದ್ದವನು, ತೆಪ್ಪದೊಳಗೆ ಕೂತ ಮೇಲೆ ಕಣ್ಣು ಮುಚ್ಚಿಕೊಂಡು, ಅವ್ವನ ಸೆರಗಿನ ತುದಿ ಹಿಡಿದುಕೊಂಡು, ತಾನು ಕಂಡ ದೇವರನ್ನೆಲ್ಲ ಊರ ಹೆಸರಿನ ಸಮೇತ ಕರೆಯುತ್ತಿದ್ದ. ನನಗೂ ಅದೇ ರಕ್ತ ಹರಿದು ಬಂದಿದೆ. ಈಗಲೂ ತೆಪ್ಪ ಹತ್ತಿದರೆ ಬಿಪಿ ಮಾತ್ರೆ ತಗೊಂಡಿದ್ದೀನಾ ಎಂದು ಯೋಚಿಸುತ್ತೇನೆ.

ಏನು ತಗೊಂಡು ಹೋಗಬೇಕು ಎಂಬುದು ಮುಖ್ಯ ಪ್ರಶ್ನೆ. ಸ್ವೀಟು, ಹಣ್ಣು, ಬಿಸ್ಕತ್ತು ಬೇಡ. ಉಪ್ಪು, ಬೆಂಕಿಪೊಟ್ಟಣ, ಎಲೆಅಡಿಕೆ ಸಾಕು. ಆ ನೆಲದಲ್ಲಿ ಬೆಳೆಯದೆ ಇರುವುದು ಅವೇ. ಮದುವೆಯಾದ ಹೊಸದರಲ್ಲಿ ನಾನು ಜಂಬದಿಂದ ಮೈಸೂರಿನ ದೊಡ್ಡ ಅಂಗಡಿಯ ಕೇಕು ತೆಗೆದುಕೊಂಡು ಹೋಗಿದ್ದೆ. ಕೆಂಪತ್ತೆ ಡಬ್ಬ ತೆಗೆದು ನೋಡಿ, "ಚೆನ್ನಾಗದೆ ಕಣಪ್ಪ, ಉಪ್ಪು ತಂದಿದ್ಯಾ?" ಎಂದು ಕೇಳಿದಳು. ಕೇಕು ಮಕ್ಕಳ ಪಾಲಾಯಿತು, ನಾನು ಮಾರನೆಯ ದಿನ ಹೊಳೆ ದಾಟಿ ಉಪ್ಪು ತರಬೇಕಾಯಿತು. ಮಾತ್ರೆಗಳನ್ನು ಮಾತ್ರ ಮರೆಯದೆ ಒಯ್ಯಿರಿ. ಜ್ವರಕ್ಕೆ, ಹೊಟ್ಟೆಗೆ, ಗಾಯಕ್ಕೆ. ಇದನ್ನು ನಾನು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ ಎಂಬ ಸ್ವಾರ್ಥದಿಂದ ಹೇಳುತ್ತಿಲ್ಲ. ಅಲ್ಲಿ ಸಂಜೆ ಮೇಲೆ ಜ್ವರ ಬಂದರೆ ಬೆಳಗಾಗುವವರೆಗೆ ಅತ್ತೆಯ ಶುಂಠಿ ಕಷಾಯವೇ ಗತಿ, ಅದನ್ನು ಕುಡಿಯುವುದಕ್ಕಿಂತ ಜ್ವರ ವಾಸಿ.

ಊಟಕ್ಕೆ ಕೂತಾಗ ಸಾಕು ಎಂದು ಬಾಯಲ್ಲಿ ಹೇಳಿದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಇಡಬೇಕು. ಅತ್ತೆಯ ಮುದ್ದೆ ದೊಡ್ಡದು. ಬೇಸಗೆ ರಜೆಯಲ್ಲಿ ಹೋದ ನಾನು ರಜೆ ಮುಗಿಸಿ ಬರುವಾಗ ಚಡ್ಡಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ನಮ್ಮೂರಲ್ಲಿ ಒಂದು ಚೊಂಬು ನೀರಲ್ಲಿ ಮೈ ತೊಳೆಯುವುದನ್ನು ಕಲಿತಿದ್ದವನು, ಮೊದಲ ಸಲ ಹೊಳೆ ಕಂಡಾಗ "ಇಷ್ಟೊಂದು ನೀರು ಯಾರ್ದು?" ಎಂದು ಕೇಳಿದ್ದೆನಂತೆ. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದು, "ನಿಮ್ಮವ್ವುಂದು ಕಣ್ಲಾ. ನಿಮ್ಮೂರ್ಗೆ ಒತ್ಕಂಡ್ ಓಗಾಕ್ ಆಗ್ನಿಲ್ಲ, ಅದ್ಕೇ ಇಲ್ಲೇ ಬುಟ್ಟವ್ಳೆ" ಎಂದ. ನಾನದನ್ನು ಬಹಳ ವರ್ಷ ನಂಬಿದ್ದೆ. ಹೊಳೆಯ ವಾಸನೆ, ಒದ್ದೆ ಮರಳಿನ ಮೇಲೆ ಮಾವನ ಅಗಲ ಪಾದದ ಗುರುತು, ಅವನ ಹೆಗಲಿನ ಬೆವರು ಈಗಲೂ ನೆನಪಾಗುತ್ತವೆ. ಅವನಂಥ ಮಾವ ಇರಬೇಕು ಮನುಷ್ಯನಿಗೆ.

ಅಳಿಯಂದಿರ ಕೊನೆಯ ಬೋಟಿನ ಪ್ರಶ್ನೆಗೆ ಬರುತ್ತೇನೆ. ತಿಟ್ಟಿನಲ್ಲಿ ನೆಂಟರನ್ನು 'ಯಾವಾಗ ಹೊರಡ್ತೀರಿ' ಎಂದು ಯಾರೂ ಕೇಳುವುದಿಲ್ಲ, ನೆಂಟರೂ 'ನಾಳೆ ಹೊರಡ್ತೀವಿ' ಎಂದು ಹೇಳುವಂತಿಲ್ಲ. ಮೇಲೆ ಅಣೆಕಟ್ಟೆಯಲ್ಲಿ ಬಾಗಿಲು ಎತ್ತಿದರೆ ಹೊಳೆ ಕೆಂಪಾಗುತ್ತದೆ, ತೆಪ್ಪವನ್ನು ದಡದ ಮೇಲಕ್ಕೆ ಎಳೆದಿಡುತ್ತಾರೆ. ಆಮೇಲೆ ನೀರು ಇಳಿಯುವವರೆಗೆ ನೀವು ಅಲ್ಲಿಯವರೇ. ಅದಕ್ಕೇ ಪ್ರತಿ ಮನೆಯಲ್ಲೂ ನೆಂಟರ ಪಾಲಿನ ಅಕ್ಕಿ, ರಾಗಿ ಬೇರೆ ಇಟ್ಟಿರುತ್ತಾರೆ. ಒಂದು ಸಲ ಹೀಗೆ ಸಿಕ್ಕಿಹಾಕಿಕೊಂಡು ನಾನು ಪರೀಕ್ಷೆ ತಪ್ಪಿಸಿಕೊಂಡಿದ್ದೆ. ಎಷ್ಟು ಖುಷಿಯಾಗಿತ್ತೆಂದರೆ, ಮುಂದಿನ ಪರೀಕ್ಷೆಗೂ ಮುಂಚೆ ತಿಟ್ಟಿಗೆ ಹೋಗುತ್ತೇನೆಂದು ಹಟ ಹಿಡಿದು ಅಪ್ಪನಿಂದ ಒದೆ ತಿಂದೆ. ಸೋಮವಾರ ಸ್ಕೂಲಿದೆ ಎನ್ನುವವರು ಶನಿವಾರ ಹೋಗದಿರುವುದು ಒಳ್ಳೆಯದು.

ನೆಟ್‌ವರ್ಕು ಮನೆಗಳ ಹತ್ತಿರ ಸಿಗುವುದಿಲ್ಲ. ಗುಡಿಯ ಹಿಂದೆ ಒಂದು ಬಂಡೆ ಇದೆ, ಅದನ್ನು ಹತ್ತಿ ಆಕಾಶದ ಕಡೆ ಕೈ ಎತ್ತಿದರೆ ಒಮ್ಮೊಮ್ಮೆ ಒಂದು ಕಡ್ಡಿ ಕಾಣಿಸುತ್ತದೆ. ಅಷ್ಟರಲ್ಲಿ ಕೆಂಪತ್ತೆ ಒಣಹಾಕಿದ ಮೆಣಸಿನಕಾಯಿ ತುಳಿದಿರುತ್ತೀರಿ, ಬೈಗುಳ ಪೂರ್ತಿ ಕೇಳಿಸುತ್ತದೆ, ಫೋನು ಅರ್ಧ ಕೇಳಿಸುತ್ತದೆ. ಇದನ್ನು ನಗುತ್ತಾ ಬರೆಯಬಹುದು. ಆದರೆ ಅಪ್ಪ ಹೋದ ದಿನ ಬೆಳಗ್ಗೆ ಮಾವನ ನಂಬರು ಮತ್ತೆ ಮತ್ತೆ ಒತ್ತಿ, ಪ್ರತಿ ಸಲವೂ ಆ ಹೆಣ್ಣುದನಿ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಾಗ ನನಗೆ ನಗು ಬಂದಿರಲಿಲ್ಲ.

ಅಪ್ಪ ಕಡೆಯ ದಿನಗಳಲ್ಲಿ ಅವ್ವನ ಜೊತೆ ನಮ್ಮ ಮನೆಯಲ್ಲೇ ಇದ್ದ. ಬೆಳಗಿನ ಕಾಫಿ ಕುಡಿದು, ಮತ್ತೆ ಸ್ವಲ್ಪ ಒರಗುತ್ತೇನೆ ಎಂದವನು ಏಳಲಿಲ್ಲ. ತಿಟ್ಟಿಗೆ ಹೋಗಿ ಹೇಳಲೇಬೇಕಿತ್ತು. ಹೊರಟ ನನ್ನನ್ನು ಅವ್ವ ಬಾಗಿಲಲ್ಲಿ ನಿಲ್ಲಿಸಿ, ಮಂಚದ ಮೇಲಿದ್ದ ಕೆಂಪಂಚಿನ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದಳು. "ಮರುಕ್ ಆಕ್ಬೇಕಲ್ಲ ಮಗ" ಎಂದಳು. ಅದು ಸಾವಿನ ಗುರುತು, ಇದು ಸಾವು. ಅವಳಿಗೂ ಬೇರೆ ಏನೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೊಂಬೆಯ ಮೇಲೆ ಕಂಬಳಿ ಹರಡಿ ಮರಕ್ಕೆ ಒರಗಿ ನಿಂತೆ. ಹೊಳೆಯ ಮೇಲೆ ತೆಳ್ಳಗೆ ಮಂಜು. ಸ್ವಲ್ಪ ಹೊತ್ತಿಗೇ ಆಚೆಯಿಂದ ತೆಪ್ಪ ಹೊರಟಿತು. ಎಂದಿಗಿಂತ ಜೋರಾಗಿ ಬರುತ್ತಿತ್ತು. ಅಪ್ಪನಿಗೆ ಮೈ ಸರಿಯಿಲ್ಲವೆಂದು ಮಾವನಿಗೆ ಗೊತ್ತಿತ್ತು. ಕಂಬಳಿ ಕಂಡು, ಬಾವ ಹುಷಾರಾಗಿ ಬಂದೇಬಿಟ್ಟ ಎಂದು ಹಿಗ್ಗಿಹೋಗಿದ್ದ. ಅವನ ನಗು ನೀರಿನ ಮೇಲೆ ತೇಲಿ ನನ್ನವರೆಗೂ ಬಂತು.

"ಬಾವೋ! ಯಾರ್ ಸತ್ತವ್ರೆ?"

ನಾನು ಕೊಂಬೆಯ ಮೇಲಿನ ಕಂಬಳಿಯ ಅಂಚು ಹಿಡಿದುಕೊಂಡೆ.

"ಯಾಕ್ ಬಾವಾ, ಅಸ್ಕಂಡು ಗಂಟ್ಲೂ ಓಯ್ತಾ?" ಎಂದು ಮತ್ತೆ ನಕ್ಕ. ಇನ್ನಷ್ಟು ಹತ್ತಿರ ಬಂದು ಮರದ ಕೆಳಗೆ ನಾನೊಬ್ಬನೇ ಇರುವುದನ್ನು ಕಂಡ. ನನ್ನ ಮುಖ ಕಂಡ. ಹುಟ್ಟು ಹಾಕುತ್ತಿದ್ದ ಕೈ ಹಾಗೇ ನಿಂತಿತು. ಹಿಡಿತ ತಪ್ಪಿದ ತೆಪ್ಪ ಅವನನ್ನು ಕೂರಿಸಿಕೊಂಡು ಸುಮ್ಮನೆ ಸುತ್ತತೊಡಗಿತು. ಅವನ ಹಿಂದೆ, ದೂರದಲ್ಲಿ, ಅವರ ಮನೆಯ ಹೆಂಚಿನ ಮೇಲೆ ಹೊಗೆ ಏಳುತ್ತಿತ್ತು. ಕೆಂಪತ್ತೆ ಅಪ್ಪನಿಗೆಂದು ಒಲೆ ಹೊತ್ತಿಸಿದ್ದಳು.

ಮಣ್ಣಿಗೆ ಮಾವ ಬಂದ. ಪಕ್ಕದ ಮನೆಯ ಕಾಂಪೌಂಡಿಗೆ ಒರಗಿ ಕೂತವನು ಅಕ್ಕನ ಹತ್ತಿರ ಹೋಗಲಿಲ್ಲ, ತಲೆ ಎತ್ತಿ ಅವಳನ್ನು ನೋಡಲೂ ಇಲ್ಲ. ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದ. ತಿಥಿಗೆ ಮಗನನ್ನು ಕಳಿಸಿದ. ಆಮೇಲೆ ಒಂದು ಸಲ ಹಸು ಈಯುತ್ತದೆ ಎಂದ, ಇನ್ನೊಂದು ಸಲ ಹೊಳೆಯಲ್ಲಿ ನೀರು ಜಾಸ್ತಿ ಎಂದ. ಅವ್ವ ಕಾದಳು. ಗೌರಿ ಹಬ್ಬಕ್ಕೆ ತಮ್ಮ ಕರೆಯಲು ಬರುತ್ತಾನೆ ಎಂದು ಬಾಗಿಲ ಕಡೆ ನೋಡಿದಳು. "ನೀನೇ ಹೋಗಿ ಬಾರವ್ವ, ನಾನು ಕರ್ಕೊಂಡು ಹೋಗ್ತೀನಿ" ಎಂದರೆ, "ಕರೀದೇ ಎಂಗ್ಲಾ ಓಗ್ಲಿ? ಅವ್ನಿಗ್ ನಾನ್ ಬ್ಯಾಡ್ವಾಗಿವ್ನಿ" ಎನ್ನುವಳು. ಮಾವನ ಮನಸ್ಸಿನಲ್ಲಿ ಏನಿದೆ ಎಂದು ನನಗೂ ತಿಳಿಯಲಿಲ್ಲ.

ಹೋದ ಸಂಕ್ರಾಂತಿಗೆ ಮುಂಚೆ ಕೆಂಪತ್ತೆ ಕಣ್ಣು ತೋರಿಸಲು ಪಾಂಡವಪುರಕ್ಕೆ ಬಂದಿದ್ದಳು. ಅವರೆಕಾಯಿ ಸುಲಿಯುತ್ತಾ ಅವ್ವನ ಪಕ್ಕ ಕೂತವಳು, ಕೇಳದಿದ್ದರೂ ತಾನೇ ಹೇಳಿದಳು. "ನಿನ್ ತಮ್ಮ ಉಂಬಾದ್ ಉಣ್ಣಾಕಿಲ್ಲ ಅತ್ಗೆ. 'ಬಾವ ಸತ್ ಸುದ್ದಿಗೆ ನಾನು ನಗ್ತಾ ಓದ್ನಲ್ಲ, ಇನ್ನು ಅಕ್ಕುನ್ ಮುಖ ಎಂಗ್ ನೋಡ್ಲಿ' ಅಂತ ಅದ್ನೇ ಅಂದ್ಕಂಡು ಕೊರಗ್ತಾನೆ. ಮರದ್ ಕಡೀಕೆ ತಿರ್ಗೂ ನೋಡಾಕಿಲ್ಲ."

ಅವ್ವನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿದಳು. "ನಗ್ತಾ ಬಂದ್ನಂತಾ? ಅಂಗೇ ನಗ್ತಾ ಬರ್ಲಿ ಅಂತ ತಾನೇ ಕಣ್ಲಾ ನಿಮ್ಮಪ್ಪ ಅಷ್ಟು ವರ್ಸ ಆ ಕಂಬ್ಳಿ ಆಕಿದ್ದು! ಅಟ್ಟದ್ ಮೇಲಿಂದ ಇಳುಸ್ಲಾ ಅದ್ನ. ನಾಳೀಕೆ ಓಗಮ."

ಕೆಂಪತ್ತೆ ಅವತ್ತೇ ಸಂಜೆ ತಿಟ್ಟಿಗೆ ಹಿಂತಿರುಗಿದಳು, ನಾವು ಮಾರನೆಯ ದಿನ ಹೊರಟೆವು. ಅವ್ವನ ಮಂಡಿನೋವಿಗೆ ಆ ಕಾಲುದಾರಿ ಸುಲಭವಲ್ಲ. ಬಾಷಾ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು, ಅಲ್ಲಲ್ಲಿ ಕೂರಿಸಿ, "ಆರಾಮಾಗ್ ಇಳೀರಿ ಅಮ್ಮಾ, ಹೊಳೆ ಎಲ್ಲೂ ಓಗಲ್ಲ" ಎಂದು ಕೈ ಹಿಡಿದು ಇಳಿಸಿದ. ಮರದ ಹತ್ತಿರ ಬಂದ ಮೇಲೆ ನಾನು ಬ್ಯಾಗಿನಿಂದ ಬಿಳಿ ಟವೆಲ್ಲು ತೆಗೆದೆ. ಎಷ್ಟಾದರೂ ಭಯ. ಕಂಬಳಿ ನೋಡಿ ಮಾವನಿಗೆ ಏನಾಗುತ್ತದೋ ಎಂದು. ಅವ್ವ ಟವೆಲ್ಲನ್ನು ತಳ್ಳಿದಳು. "ಬಿಳೀದು ನೆಂಟ್ರಿಗೆ. ನಾನ್ ನೆಂಟ್ಳಾ?" ಎಂದು ತಾನೇ ಕುರ್ಚಿಯಿಂದೆದ್ದು ಕಂಬಳಿಯನ್ನು ಕೊಂಬೆಯ ಮೇಲೆ ಹರಡಿದಳು. ಕೆಂಪಂಚು ಹೊಳೆಯ ಕಡೆಗೆ ಬರುವ ಹಾಗೆ ಎಳೆದು ಸರಿ ಮಾಡಿದಳು.

ಎದುರಿಗೆ ಮಾವನ ಮನೆಯ ಹೆಂಚಿನ ಮೇಲೆ ಹೊಗೆ ಏಳುತ್ತಿತ್ತು. ಅದು ನಿಂತುಹೋಗುತ್ತದೋ ಎಂದು ನೋಡುತ್ತಿದ್ದೆ. ನಿಲ್ಲಲಿಲ್ಲ. ತೆಪ್ಪ ಬಂತು. ಮೆಲ್ಲಗೆ, ತೀರ ಮೆಲ್ಲಗೆ. ನಡುಹೊಳೆಗೆ ಬಂದು ನಿಂತಿತು. ಮಾವ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ.

"ನಿಂಗಾ!" ಅವ್ವ ಕೂಗಿದಳು. ನನ್ನ ಅವ್ವ ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಯಾಕ್ಲಾ ಬಾಯ್ ಮುಚ್ಕಂಡಿದ್ದೀಯ? ಕೇಳ್ಲಾ!"

ಮಾವ ಹುಟ್ಟನ್ನು ಎತ್ತಿ ಮತ್ತೆ ಮಡಿಲಲ್ಲೇ ಇಟ್ಟುಕೊಂಡ.

"ಯಾರ್ ಸತ್ತವ್ರೆ ಅಂತ ಕೇಳ್ಲಾ! ಕೇಳೋಗಂಟ ನಾನ್ ಇಲ್ಲಿಂದ್ ಏಳಾಕಿಲ್ಲ!"

ಆಚೆಯಿಂದ ಬಂದ ದನಿ ಒಡೆದಿತ್ತು, ನೀರಿನ ಮೇಲೆ ಅರ್ಧಂಬರ್ಧ ಕೇಳಿಸಿತು. "ಯಾರ್... ಯಾರ್ ಸತ್ತವ್ರೆ, ಅಕ್ಕಾ?"

"ನಾನೇ ಕಣ್ಲಾ!" ಎಂದಳು ಅವ್ವ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ಅಸ್ಕಂಡು! ಬಿರ್ನೆ ಬಾ!"

ತೆಪ್ಪ ಹೊರಟಿತು. ದಡಕ್ಕೆ ಮುಟ್ಟುವ ಮೊದಲೇ ಮಾವ ನೀರಿಗೆ ಧುಮುಕಿ, ಮೊಣಕಾಲುದ್ದ ನೀರಲ್ಲಿ ಓಡಿ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡ. ಬಿಟ್ಟ ತೆಪ್ಪ ತೇಲಿಹೋಗುತ್ತಿದ್ದುದನ್ನು ನಾನು ಪ್ಯಾಂಟು ನೆನೆಸಿಕೊಂಡು ಹೋಗಿ ಹಿಡಿಯಬೇಕಾಯಿತು. ಆ ಹೊತ್ತಿನಲ್ಲಿ ಮೊಸಳೆಯ ನೆನಪು ನನಗೆ ಬರಲೇ ಇಲ್ಲ.

ಅಳಿಯಂದಿರೇ, ಕಂಬಳಿ ಒಣಗಿದೆ, ಮಡಚಿ ಇಟ್ಟಿದ್ದೇನೆ. ಹೋಗುವಾಗ ನಮ್ಮ ಮನೆಗೆ ಬಂದು ತೆಗೆದುಕೊಂಡು ಹೋಗಿ. ಬೋಟಿನ ಟೈಮು ಕೇಳಬೇಡಿ. ನಡುಹೊಳೆಯಲ್ಲಿ ಮಾವ ತೆಪ್ಪ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ನಿಮಗೀಗ ಗೊತ್ತು. ಎದ್ದು ನಿಂತು ಜೋರಾಗಿ ಹೇಳಿ, ಅವನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಮತ್ತೆ ಇನ್ನೊಂದು ಮಾತು. ಅವತ್ತು ಬೆಳಗ್ಗೆ ಮನೆಯಲ್ಲಿ ತಿಂಡಿ ತಿಂದು ಹೊರಡಬೇಡಿ, ಹೇಳಿದ ಉತ್ತರ ಸುಳ್ಳಾಗಿಬಿಡುತ್ತದೆ.